ಹುಡುಗಿ ಚಲೋ ಅದಾಳ, ಆದ್ರ ದಪ್ಪ

ಪ್ರಶ್ನೆ: ಅಕ್ಕಾರ, ನನಗ 26 ವರ್ಷ. ಧಾರವಾಡದಾಗ ಮನಿ, ದಿನಾ ಚಿಗರಿ ಬಸ್ಸಿನಾಗ ಹುಬ್ಬಳ್ಳಿಗೆ ಕೆಲಸಕ್ಕ ಹೋಗಿ ಬರತೀನಿ. ತೂಕ 78 ಕೆಜಿ. ಮೂರು ಕಡೆಯವರು ಬಂದು ನೋಡಿ ಹೋದ್ರು, ಮೂರೂ ಕಡಿಂದ ಬಂದಿದ್ದು ಒಂದ ಮಾತು, ಹುಡುಗಿ ಚಲೋ ಅದಾಳ ಆದ್ರ ದಪ್ಪ ಅಂತ. ಆವಾಗಿಂದ ಚಿಗವ್ವ ರೊಟ್ಟಿ ಬಂದ್ ಮಾಡಿಸ್ಯಾಳ, ಮುಂಜಾನೆ ಲಿಂಬಿಹಣ್ಣಿನ ನೀರು, ರಾತ್ರಿ ಬರೇ ಸೌತಿಕಾಯಿ. ಎರಡು ತಿಂಗಳದಾಗ 6 ಕೆಜಿ ಇಳಿದೆ, ಆಮ್ಯಾಲೆ ಒಂದು ಮದುವಿ ಊಟದಾಗ ತಡಕೊಳ್ಳಾಕ ಆಗಲಿಲ್ಲ, ಅಲ್ಲಿಂದ ಶುರುವಾಗಿ ಈಗ 7 ಏರೀನಿ. ನನಗ ಮನಸ್ಸು ಗಟ್ಟಿ ಇಲ್ಲಂತ ಎಲ್ಲಾರೂ ಬೈತಾರ. ಹೌದೇನ್ರಿ?

ಉತ್ತರ: ಅಲ್ಲವಾ ತಂಗಿ. 1944-45ರಾಗ ಅಮೆರಿಕದ ಮಿನೆಸೋಟಾದಾಗ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟು ಗಂಡಸರಿಗೆ, ತಾವ ಒಪ್ಪಿ ಬಂದವರು ಮತ್ತ, ಆರು ತಿಂಗಳು ಅರೆಹೊಟ್ಟಿ ಊಟ ಕೊಟ್ಟು ನೋಡಿದ. ಹಗಲೂ ರಾತ್ರಿ ಊಟದ್ದ ಧ್ಯಾನ, ಮಾತಿಗೊಮ್ಮೆ ಸಿಡುಕು, ಕೆಲವರು ಅಡಿಗಿ ಪುಸ್ತಕ ಹಿಡಕೊಂಡು ಕುಂತ್ರಂತ. ಆಮ್ಯಾಲೆ ಬೇಕಾದಷ್ಟು ಸಿಕ್ಕಾಗ ಎಷ್ಟು ತಿಂದ್ರೂ ಹಸಿವಿ ಹೋಗವಲ್ದು ಅಂದವರೂ ಇದ್ರು. ಮೈಗೆ ಕೂಳು ಕಮ್ಮಿ ಬಿತ್ತಂದ್ರ ಅದು ಖರ್ಚು ಇಳಿಸಿ ಹಸಿವಿ ಏರಸ್ತೈತಿ, ಮದುವಿ ಊಟದಾಗ ನಿನಗ ಆಗಿದ್ದೂ ಅದ.

ಹಂಗಂತ ತೂಕದ ಮಾತ ಬ್ಯಾಡ ಅನ್ನೂದಿಲ್ಲ ನಾ. ಒಮ್ಮೆ ಡಾಕ್ಟರ್ ಕಡೆ ಹೋಗಿ ಥೈರಾಯ್ಡ್, ಶುಗರ್, ಬಿಪಿ ನೋಡಿಸು, ಮುಟ್ಟು ಹಿಂದಮುಂದ ಆಗ್ತಿದ್ರ ಅದನ್ನೂ ಮುಚ್ಚಿಡದ ಹೇಳು, ಪಿಸಿಓಡಿ, ಅಂದ್ರ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೂ ತೊಂದ್ರಿ, ಇದ್ರ ಬರೇ ಸೌತಿಕಾಯಿ ಏನೂ ಮಾಡೂದಿಲ್ಲ. ಮನ್ಯಾಗ ಟೇಪ್ ಇದ್ರ ಸೊಂಟ ಅಳಿ, ನಮ್ಮ ದೇಶದ ಹೆಣ್ಮಕ್ಕಳಿಗೆ 80 ಸೆಂಟಿಮೀಟರ್ ದಾಟಿದ್ರ ಜ್ವಾಕಿ ಇರಬೇಕಂತಾರ ಡಾಕ್ಟರು.

ರೊಟ್ಟಿ ಯಾಕ ಬಿಟ್ಟಿ? ಎರಡು ಜೋಳದ ರೊಟ್ಟಿ, ಕಾಳಪಲ್ಲೆ, ಒಂದು ಹಿಡಿ ಹಸಿ ಮೆಂತೆ, ಇದಕ್ಕಿಂತ ಚಲೋ ಡಯಟ್ ದುಡ್ಡು ಕೊಟ್ರೂ ಸಿಗೂದಿಲ್ಲ. ಬಿಡೂದಿದ್ರ ಸಂಜಿ ಮಿರ್ಚಿ ಭಜಿ ಬಿಡು, ದಿನಾ ನಾಕ ಕಪ್ ಸಕ್ಕರಿ ಚಾ ಇದ್ರ ಎರಡ ಮಾಡು. ಬಸ್ಸಿಂದ ಒಂದು ಸ್ಟಾಪ್ ಮೊದಲ ಇಳಿದು ನಡಿ.

ಇನ್ನ ಆ ಮೂರು ಮನ್ಯಾವರು. ನಿನ್ನ ತೂಕ ಲೆಕ್ಕ ಹಾಕಿದವರು ಹುಡುಗನ ಹೊಟ್ಟಿ ಬಗ್ಗೆ ಒಂದು ಮಾತರ ಆಡಿದ್ರೇನು? ನಿಮ್ಮ ಕಡಿಂದ ಯಾರೂ ಕೇಳಿರಲಿಕ್ಕಿಲ್ಲ ಬಿಡು, ನಮ್ಮ ಮಂದಿಗೆ ಅಲ್ಲಿ ಬಾಯಿ ಬರೂದಿಲ್ಲ. ಈ ಪುಟ ಚಿಗವ್ವಗ ಓದಿ ಹೇಳು. ರಿಪೋರ್ಟ್ ಬಂದ ಮ್ಯಾಲೆ ಮತ್ತ ಪತ್ರ ಹಾಕು, ಎತ್ತರ ಎಷ್ಟಂತ ಈ ಸಲ ಬರದ ಇಲ್ಲ ನೀ.