‘ಇಲ್ಲ ಮೇಡಂ, ತಪ್ಪೇ ಮಾಡಿಲ್ಲ’

ದಾವಣಗೆರೆ ತುಂಬ ಆಸ್ಪತ್ರೆ, ನರ್ಸಿಂಗ್ ಕಾಲೇಜು. ಹಾಗಾಗಿ ಇಂಟರ್‌ವ್ಯೂ ಭಯ ಅಂತ ನನ್ನ ಹತ್ತಿರ ಬರುವ ಹುಡುಗಿಯರೂ ಜಾಸ್ತಿ. ಇವಳನ್ನು ಸುಧಾ ಅನ್ನೋಣ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಜಗಳೂರು ಕಡೆಯವಳು. ಜಿಎನ್‌ಎಂ ಅನ್ನುವ 3 ವರ್ಷದ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯೂ ಆಗಿತ್ತು. ಮೂರು ಕಡೆ ಇಂಟರ್‌ವ್ಯೂಗೆ ಹೋಗಿ ಮೂರೂ ಕಡೆ ಬರಿಗೈ.

ಓದಿದ್ದು ಸಾಲದೇನೋ ಅಂದುಕೊಂಡೆ. ಕೇಳಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತಂದಿದ್ದಳು. 500 ಎಂಎಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಎಂಎಲ್‌ಗೆ 20 ಹನಿಯ ಸೆಟ್, ನಿಮಿಷಕ್ಕೆ ಎಷ್ಟು ಹನಿ? ‘42’ ಅಂದಳು, ಪೆನ್ನು ಮುಟ್ಟದೆ. ಆಸ್ಪತ್ರೆಯ ಕಸ ಯಾವುದು ಯಾವ ಡಬ್ಬಿಗೆ? ಸೂಜಿ ಬಿಳಿ ಡಬ್ಬಿಗೆ, ಡ್ರಿಪ್ ಸೆಟ್ ಕೆಂಪಿಗೆ, ರಕ್ತ ಹತ್ತಿದ ಹತ್ತಿ ಹಳದಿಗೆ. ಎಲ್ಲಾ ಬಾಯಿಪಾಠ.

ಚೀಟಿಯ ಕೊನೆಯ ಪ್ರಶ್ನೆ ಮೂರೂ ಕಡೆ ಕೇಳಿದ್ದು: ಡ್ಯೂಟಿಯಲ್ಲಿ ಯಾವತ್ತಾದರೂ ತಪ್ಪು ಮಾಡಿದ್ದೀಯಾ?

‘ಏನಂದೆ?’

‘ಇಲ್ಲ ಮೇಡಂ, ತಪ್ಪೇ ಮಾಡಿಲ್ಲ ಅಂದೆ.’

‘ನಿಜವಾಗ್ಲೂ ಇಲ್ವಾ?’

ಫೈಲಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಎಳೆಯುತ್ತಾ, ಬಿಡುತ್ತಾ ಕೂತಳು. ನಾನೂ ಸುಮ್ನಿದ್ದೆ. ಆಮೇಲೆ ಹೇಳಿದಳು. ಟ್ರೈನಿಂಗ್‌ನಲ್ಲಿದ್ದಾಗ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಿಯರು, ಅಕ್ಕಪಕ್ಕದ ಮಂಚ. ಒಬ್ಬರ ಇಂಜೆಕ್ಷನ್ ಇನ್ನೊಬ್ಬರ ಹತ್ತಿರ ಒಯ್ದಿದ್ದಾಳೆ. ‘ನಮ್ಮವ್ವಗೆ ಈಗ ತಾನೆ ಕೊಟ್ಟು ಹೋದ್ರಲ್ಲ?’ ಅಂತ ಮಗ ಕೇಳದಿದ್ದರೆ ಕೊಟ್ಟೇಬಿಡುತ್ತಿದ್ದಳು. ವಾಪಸ್ ಬಂದಳು. ಸಿಸ್ಟರ್‌ಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

‘ಇದನ್ನೇ ಹೇಳು’ ಅಂದೆ.

‘ಅಯ್ಯೋ! ಹೇಳಿದ್ರೆ ಯಾರ್ ಮೇಡಂ ಕೆಲಸ ಕೊಡ್ತಾರೆ?’

ನನ್ನ ಸಹೋದ್ಯೋಗಿಯೊಬ್ಬರೂ ಆಮೇಲೆ ಇದನ್ನೇ ಕೇಳಿದರು. ಬಡವರ ಮನೆ ಹುಡುಗಿಯ ಅನ್ನದ ಜೊತೆ ಆಟ ಆಡ್ತೀರಾ ಅಂದರು. ಆ ಮಾತು ಚುಚ್ಚಿತು. ಆದರೂ ಸಲಹೆ ಬದಲಿಸಲಿಲ್ಲ. ಆಸ್ಪತ್ರೆಯಲ್ಲಿ ತಪ್ಪು ಗೊತ್ತಾದ ತಕ್ಷಣ ಬಾಯಿ ಬಿಟ್ಟರೆ ಡಾಕ್ಟರ್ ಏನಾದರೂ ಮಾಡಬಹುದು. ಮುಚ್ಚಿಟ್ಟರೆ ಪೇಷೆಂಟ್ ಗತಿ? ರಾತ್ರಿ ಎರಡು ಗಂಟೆಗೆ ಎಬ್ಬಿಸಿ ‘ಹೀಗಾಯ್ತು’ ಅನ್ನುವವಳು ಬೇಕು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ. ‘ತಪ್ಪೇ ಮಾಡಿಲ್ಲ’ ಅನ್ನುವ ಮಾತನ್ನು ಅವರು ನಂಬುವುದೂ ಇಲ್ಲ, ಅವರೂ ಅದೇ ವಾರ್ಡಿನಲ್ಲಿ ಬೆಳೆದವರು ಅಲ್ವಾ?

ಹಾಗಂತ ಗೋಳಾಡಬೇಡ ಅಂದೆ. ಕೇಳಿದರೆ ಮಾತ್ರ ಹೇಳು. ಆಸ್ಪತ್ರೆ, ಪೇಷೆಂಟ್ ಹೆಸರು ಬೇಡ. ಏನಾಯ್ತು, ಸಿಸ್ಟರ್‌ಗೆ ಹೇಳದೇ ಇದ್ದದ್ದು ಯಾಕೆ ತಪ್ಪು, ಈಗ ಏನು ಮಾಡ್ತೀಯ, ಇಷ್ಟೇ. ‘ಈಗ ಹೆಸರು ಅವರ ಬಾಯಲ್ಲೇ ಹೇಳಿಸ್ತೀನಿ ಮೇಡಂ, ಐಪಿ ನಂಬರ್ ಕೈಪಟ್ಟಿಯಲ್ಲಿ ನೋಡ್ತೀನಿ’ ಅಂದಳು. ಐಪಿ ನಂಬರ್ ಅಂದರೆ ಆಸ್ಪತ್ರೆಗೆ ಸೇರಿದಾಗ ಪೇಷೆಂಟ್‌ಗೆ ಕೊಡುವ ನಂಬರ್. ನಾಲ್ಕು ಸಲ ಹೇಳಿಸಿದೆ. ಮೂರನೇ ಸಲಕ್ಕೆ ರಬ್ಬರ್ ಬ್ಯಾಂಡ್ ಹರಿಯಿತು.

ಇನ್ನೊಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ, ಅವಳಿಗೂ ಹೇಳಿದೆ: ಮಾರ್ಕ್ಸ್‌ಕಾರ್ಡ್ ಒರಿಜಿನಲ್ ತೋರಿಸು, ಇಟ್ಟುಕೊಳ್ತೀವಿ ಅಂದರೆ ಕೊಡಬೇಡ. ಝೆರಾಕ್ಸ್ ಸಾಕು.

ಮೂರು ವಾರದ ಮೇಲೆ ಫೋನ್ ಬಂತು. ಅಲ್ಲೂ ಅದೇ ಪ್ರಶ್ನೆ ಕೇಳಿದರಂತೆ, ಹೇಳಿದಳಂತೆ. ‘ಆಗ ಯಾಕೆ ಹೇಳ್ಲಿಲ್ಲ?’ ಅಂದಿದ್ದಕ್ಕೆ ‘ಹೆದರಿಕೆ ಆಯ್ತು’ ಅಂದಳಂತೆ. ಕೆಲಸ ಆಗಿದೆ.

‘ಮೊದಲ ತಿಂಗಳೇ ನೈಟ್ ಡ್ಯೂಟಿ ಹಾಕ್ತಾರಂತೆ. ನಮ್ಮಪ್ಪಂಗೆ ನೀವೇ ಹೇಳ್ತೀರಾ ಮೇಡಂ?’