ಬಾಲ್ ಪೈಥಾನ್ ಮರಿಗಳು ಆಹಾರ ಮುಟ್ಟದಿರುವ ಬಗ್ಗೆ

ನೀವು ಸಾಕಿರುವ ಬಾಲ್ ಪೈಥಾನ್ (ವಿಷವಿಲ್ಲದ ಒಂದು ಜಾತಿಯ ಹೆಬ್ಬಾವು) ಮರಿಗಳು ಏನೂ ತಿನ್ನುತ್ತಿಲ್ಲವೆಂದು ಬರೆದು ಕಾರಣ ಕೇಳಿದ್ದೀರಿ. ಮೊಟ್ಟೆಯೊಡೆದು ಆರು ದಿನವಾದರೂ ಮರಿಗಳು ತಿನ್ನದಿರುವುದಕ್ಕೆ ಕಾರಣ ಬಹುಶಃ ರೋಗವಲ್ಲ. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಭಾಗವೇ ಮೊದಲ ಪೊರೆ ಕಳಚುವವರೆಗೆ ಅವಕ್ಕೆ ಸಾಕಾಗುತ್ತದೆ. ನೀವು ಬರೆದಿರುವ ಮೂರಡಿಯ ಗಾಜಿನ ತೊಟ್ಟಿಯೂ ಅವನ್ನು ಬೆದರಿಸಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಮೊದಲು ಒಂದೊಂದನ್ನೂ ಗಾಳಿಕಿಂಡಿ ಮತ್ತು ಭದ್ರ ಮುಚ್ಚಳವಿರುವ ಸಣ್ಣ ಡಬ್ಬಿಗೆ ಬೇರ್ಪಡಿಸಿ, ಅಡಗುತಾಣ, ನೀರು ಹಾಗೂ ಒಂದು ಬದಿಯಲ್ಲಿ ಥರ್ಮೋಸ್ಟಾಟ್‌ ನಿಯಂತ್ರಿತ 31–32 ಡಿಗ್ರಿ ಸೆಲ್ಸಿಯಸ್ ಶಾಖ ಒದಗಿಸಿರಿ. ನಿಮ್ಮ ಕಾಸರಗೋಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಡಬ್ಬಿಯೊಳಗೆ ತೇವಕ್ಕಾಗಿ ನೀರು ಸಿಂಪಡಿಸುವ ಅಗತ್ಯ ಕಡಿಮೆ. ಹಾಸಿದ ಕಾಗದ ಒದ್ದೆಯಾಗಿಯೇ ಉಳಿದರೆ ಹೊಟ್ಟೆಯಡಿಯ ಹುರುಪೆಗಳಿಗೆ ಸೋಂಕು ತಗಲುತ್ತದೆ. ಪೊರೆ ಬಿಟ್ಟ ಮೇಲೆ, ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ದೊಡ್ಡದಲ್ಲದ ಸತ್ತ ಇಲಿಮರಿಯನ್ನು ಬಿಸಿನೀರಿನಲ್ಲಿ ಬೆಚ್ಚಗಾಗಿಸಿ, ಸಂಜೆ ಇಕ್ಕಳದಿಂದ ನೀಡಿರಿ. ತಿರಸ್ಕರಿಸಿದರೆ ಐದು ದಿನ ಹಾವಿನ ಮರಿಯನ್ನು ಮುಟ್ಟಬೇಡಿ. ತಿಂಗಳಾದರೂ ತಿನ್ನದಿದ್ದರೆ ಬಾಯಿಗೆ ತುರುಕದೆ ಪಶುವೈದ್ಯರಿಗೆ ತೋರಿಸಿರಿ. ಮರಿಗಳ ಜನನವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ದಾಖಲಿಸುವುದೂ ಕಡ್ಡಾಯ.