ಡಾಂಗ್‌ಗ್ವೇ ಬೇರಿಗೆ ಹೊಗೆ ವಾಸನೆ ಯಾಕೆ? ಮಡಿಕೇರಿಯಲ್ಲಿ ಬೆಳೆಯಬಹುದಾ?

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಸೊಸೆಯ ಬಾಣಂತನಕ್ಕೆ ಅಂತ ಪಕ್ಕದ ಮನೆಯ ಚೀನೀ ಅಜ್ಜಿ ಡಾಂಗ್‌ಗ್ವೇ ಎಂಬ ಔಷಧಿ ಬೇರಿನ ಚೂರುಗಳನ್ನು ಕೊಟ್ಟಿದ್ದಾರೆ. ಸೂಪಿಗೆ ಹಾಕಬೇಕಂತೆ. ಆದರೆ ಸ್ವಲ್ಪ ಹೊಗೆ ವಾಸನೆ ಬರುತ್ತಿದೆ. ಕೆಟ್ಟಿದೆಯಾ? ಮಡಿಕೇರಿಯ ನಮ್ಮ ಕಾಫಿ ತೋಟದಲ್ಲಿ ಇದನ್ನು ಬೆಳೆಯಲು ಆಗುತ್ತಾ?

ಉತ್ತರ: ಹೊಗೆ ವಾಸನೆ ಇದ್ದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ. ಈ ಬೇರನ್ನು ಒಣಗಿಸುವ ಹಳೆಯ ಪದ್ಧತಿಯೇ ಹೊಗೆ ಹಾಕುವುದು. ಕಿತ್ತ ಬೇರನ್ನು ತೊಳೆಯುವುದಿಲ್ಲ. ಮಣ್ಣು ಕೊಡವಿ, ನೀರಿನಂಶ ಸ್ವಲ್ಪ ಆರಿ ಬೇರು ಮೆತ್ತಗಾಗುವವರೆಗೆ ಬಿಡುತ್ತಾರೆ. ಆಮೇಲೆ ಸಣ್ಣ ಸಣ್ಣ ಕಟ್ಟು ಕಟ್ಟಿ ಅಟ್ಟದ ಮೇಲೆ ಜೋಡಿಸಿ, ಕೆಳಗೆ ಹಸಿ ಸೌದೆಯಿಂದ ಹೊಗೆ ಕೊಡುತ್ತಾರೆ. ನೇರ ಬಿಸಿಲಿಗೆ ಹರವಿದರೆ ಬೇರು ಒಣ ಪುಳ್ಳೆಯಂತಾಗುತ್ತದೆ. ಕಲ್ಲಿದ್ದಲ ಬೆಂಕಿಯಲ್ಲಿ ಕಪ್ಪಾಗುತ್ತದೆ. ಅದಕ್ಕೇ ಈ ನಿಧಾನದ ಕೆಲಸ.

ನಿಮ್ಮ ಹತ್ತಿರ ಇರುವ ಚೂರನ್ನು ಬೆಳಕಿಗೆ ಹಿಡಿದು ನೋಡಿ. ಒಳಭಾಗ ತಿಳಿ ಹಳದಿ ಇರಬೇಕು. ಮಧ್ಯದಲ್ಲಿ ಕಂದು ಬಳೆಯಂಥ ಗೆರೆ, ಅದರ ಹೊರಗೆ ಎಣ್ಣೆಯ ಕಂದು ಚುಕ್ಕಿಗಳು ಕಾಣಬೇಕು. ಇದು ಕೊತ್ತಂಬರಿ, ಓಂಕಾಳುಗಳ ಕುಟುಂಬದ ಗಿಡ, ಹಾಗಾಗಿ ಘಾಟು ಜೋರಾಗಿಯೇ ಇರುತ್ತದೆ. ಒಳಗೆ ಹಸಿರು ಮಿಶ್ರಿತ ಕಂದು ಬಣ್ಣವಿದ್ದರೆ, ಅಥವಾ ಎಣ್ಣೆಯೇ ಇಲ್ಲದೆ ಕಟ್ಟಿಗೆಯಂತಿದ್ದರೆ ಬಳಸಬೇಡಿ. ಹುಳಿ ಹುಳಿಯಾಗಿ ಮೂಗಿಗೆ ಚುಚ್ಚುವ ವಾಸನೆ ಬಂದರೆ ಗಂಧಕದ ಹೊಗೆ ಹಾಕಿರಬಹುದು. ಅದೂ ಬೇಡ.

ಇನ್ನು ಬೆಳೆಯುವ ಮಾತು. ಡಾಂಗ್‌ಗ್ವೇಗೆ ಹೆಸರುವಾಸಿ ಜಾಗ ಚೀನಾದ ಗಾನ್ಸು ಪ್ರಾಂತ್ಯದ ಮಿನ್‌ಶಿಯಾನ್. ಅಲ್ಲಿನ ಹೊಲಗಳು ಇರುವುದೇ 2,000 ಮೀಟರ್‌ಗಿಂತ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ಮಡಿಕೇರಿ ಅದಕ್ಕಿಂತ ಎಷ್ಟೋ ಕೆಳಗಿದೆ. ಬೇಸಿಗೆಯಲ್ಲೂ ತಂಪು, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಊರಿನ ಗಿಡ ಇದು. ಕೊಡಗಿನ ಜೂನ್-ಜುಲೈ ಮಳೆಯಲ್ಲಿ ಬೇರು ಕೊಳೆಯುವ ಭಯವೇ ಜಾಸ್ತಿ.

ಅಲ್ಲಿನ ರೈತರಿಗೇ ಇದು ಸುಲಭದ ಬೆಳೆಯಲ್ಲ. ಅವರ ದೊಡ್ಡ ತಲೆನೋವು ರೋಗಕ್ಕಿಂತ ಹೂವು! ಮೂಲಂಗಿ ಹೂ ಬಿಟ್ಟರೆ ಗಡ್ಡೆ ಬೆಂಡಾಗುತ್ತದಲ್ವಾ, ಇಲ್ಲೂ ಹಾಗೇ. ಕಾಂಡ ಎದ್ದು ಹೂ ಬಿಟ್ಟಿತೋ, ಬೇರು ಕಟ್ಟಿಗೆಯಾಗಿ ಔಷಧಿಗೆ ಬಾರದು. ಇದನ್ನು ತಪ್ಪಿಸುವ ಕೆಲಸ ಬೀಜದಿಂದಲೇ ಶುರು. ಮೂರನೇ ವರ್ಷದ ಗಿಡದಿಂದ, ಪೂರ್ತಿ ಮಾಗುವ ಮೊದಲೇ, ನಸುಗೆಂಪು ಬಿಳುಪು ಇರುವಾಗ ಬೀಜ ಬಿಡಿಸುತ್ತಾರೆ. ಎರಡನೇ ವರ್ಷವೇ ಹೂ ಬಿಟ್ಟ ಗಿಡದ ಬೀಜ ಅಗ್ಗಕ್ಕೆ ಸಿಕ್ಕರೂ ತಿಳಿದವರು ಮುಟ್ಟುವುದಿಲ್ಲ.

ಜೂನ್ ಹೊತ್ತಿಗೆ ಬಿತ್ತಿ, ಎಳೆ ಸಸಿಗೆ ಬಿಸಿಲು ತಾಗದಂತೆ ಮೇಲೆ ಹುಲ್ಲು ಹೊದಿಸುತ್ತಾರೆ. ಅಕ್ಟೋಬರ್‌ನಲ್ಲಿ ಸಸಿ ಕಿತ್ತು, ಎಲೆ ಕತ್ತರಿಸಿ, ತಣ್ಣನೆಯ ಜಾಗದಲ್ಲಿ ಮಣ್ಣಿನ ಪದರಗಳ ನಡುವೆ ಚಳಿಗಾಲ ಕಳೆಯಲು ಇಡುತ್ತಾರೆ. ಏಪ್ರಿಲ್‌ಗೆ ನಾಟಿ. ದಪ್ಪ ಸಸಿ ಕಂಡರೆ ನಮಗೆ ಖುಷಿ, ಅವರಿಗೆ ಚಿಂತೆ: ದಪ್ಪಗಿದ್ದಷ್ಟೂ ಅದು ಬೇಗ ಹೂವಿಗೆ ಹೋಗುತ್ತದೆ. ಹಾಗಾಗಿ ಸಣ್ಣ, ಆರೋಗ್ಯವಾದ ಸಸಿಗಳನ್ನೇ ಆರಿಸುತ್ತಾರೆ. ಕಾಂಡ ಎದ್ದ ಗಿಡ ಕಂಡರೆ ಕಿತ್ತೆಸೆಯುತ್ತಾರೆ. ಅಕ್ಟೋಬರ್‌ನಲ್ಲಿ ಸೊಪ್ಪು ಕೊಯ್ದು, ನೆಲಕ್ಕೆ ಕೆಲವು ದಿನ ಬಿಸಿಲು ಬೀಳಲು ಬಿಟ್ಟು, ಬೇರು ಮುರಿಯದಂತೆ ಅಗೆಯುತ್ತಾರೆ.

ಆದ್ದರಿಂದ ತೋಟದಲ್ಲಿ ಇದಕ್ಕೆ ದುಡ್ಡು ಹಾಕಬೇಡಿ ಎಂದೇ ನನ್ನ ಸಲಹೆ. ಸುಮ್ನೆ ಪ್ರಯತ್ನಿಸೋಣ ಅಂತ ಬ್ಯಾಗಿನಲ್ಲಿ ಬೀಜ ತರುವುದಂತೂ ಬೇಡವೇ ಬೇಡ. ಹೊರದೇಶದ ಬೀಜಕ್ಕೆ ಸಸ್ಯ ಕ್ವಾರಂಟೈನ್ ಪರವಾನಗಿ ಬೇಕು.

ಸೊಸೆಗೆ ಕೊಡುವ ಮೊದಲು ಅವರ ಡಾಕ್ಟರನ್ನು ಕೇಳಿ, ಮಗುವಿಗೆ ಎದೆಹಾಲು ಕುಡಿಸುತ್ತಿದ್ದರೆ ಅದನ್ನೂ ಹೇಳಿ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕೊಡಲೇಬೇಡಿ, ರಕ್ತಸ್ರಾವದ ಅಪಾಯವಿದೆ. ಉಳಿದ ಚೂರುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಈ ಬೇರಿಗೆ ಹುಳು ಬೇಗ ಹಿಡಿಯುತ್ತದೆ.